ಹೃದಯದ ಇಂಧನ, ಕಾಯಿಲೆ ಮತ್ತು ಜೀನೋಮ್ ತಂತ್ರಗಳು: ಮಲೆನಾಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಾಲೇಜುಗಳಲ್ಲಿ ಮತ್ತು ಸಹಕಾರ ಸಂಘಗಳ ಸಭಾಂಗಣಗಳಲ್ಲಿ ಹೃದಯದ ಬಗ್ಗೆ ಮಾತನಾಡಿದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ. ಆಮೇಲೆ ಬರುವ ಪತ್ರಗಳಲ್ಲೂ ಅವೇ ಇರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟುಗೂಡಿಸಿದ್ದೇನೆ. ನಾನು ಕೆಲಸ ಮಾಡುವುದು ಹೃದಯ ಸ್ನಾಯುವಿನ ಚಯಾಪಚಯದ ಮೇಲೆ. ರೋಗಿಗಳನ್ನು ನೋಡುವ ವೈದ್ಯ ನಾನಲ್ಲ. ಇಲ್ಲಿನ ಯಾವ ಉತ್ತರವನ್ನೂ ಓದಿ ಔಷಧ ಶುರು ಮಾಡುವುದಾಗಲಿ ನಿಲ್ಲಿಸುವುದಾಗಲಿ ಬೇಡ.

## ಮೊದಲಿಗೆ

ಹೃದಯ ಒಂದು ಪಂಪು ಎಂದು ಶಾಲೆಯಲ್ಲಿ ಓದಿದ್ದೇವೆ. ಪಂಪಿನ ಚಯಾಪಚಯವನ್ನು ಅಧ್ಯಯನ ಮಾಡುವುದು ಎಂದರೆ ಏನು?

ಪಂಪು ಓಡಲು ಕರೆಂಟು ಬೇಕಲ್ಲವೇ, ಆ ಕರೆಂಟಿನ ಅಧ್ಯಯನ ಇದು. ದೊಡ್ಡವರ ಹೃದಯದ ತೂಕ ಸುಮಾರು 300 ಗ್ರಾಂ. ದಿನಕ್ಕೆ ಸುಮಾರು 1 ಲಕ್ಷ ಬಾರಿ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಎಟಿಪಿ ಎಂಬ ಅಣು ಖರ್ಚಾಗುತ್ತದೆ. ಹೃದಯ ಒಂದು ದಿನದಲ್ಲಿ ಮಾಡಿ ಮುರಿಯುವ ಎಟಿಪಿಯನ್ನೆಲ್ಲ ಕೂಡಿಸಿದರೆ ಸುಮಾರು 6 ಕಿಲೋ ಆಗುತ್ತದೆ, ಅಂದರೆ ತನ್ನ ತೂಕದ ಇಪ್ಪತ್ತು ಪಟ್ಟು. ಆದರೆ ಯಾವುದೇ ಗಳಿಗೆಯಲ್ಲಿ ಕೈಯಲ್ಲಿರುವ ದಾಸ್ತಾನು ಕೆಲವೇ ಸೆಕೆಂಡುಗಳಿಗೆ ಸಾಕಾಗುವಷ್ಟು. ಶರಾವತಿಯ ವಿದ್ಯುದಾಗಾರಕ್ಕೆ ಮಳೆ ತಡವಾದರೂ ಲಿಂಗನಮಕ್ಕಿಯ ನೀರಿದೆ. ಹೃದಯದ ಕೋಶಕ್ಕೆ ಅಂಥ ಜಲಾಶಯವೇ ಇಲ್ಲ. ಬಂದದ್ದನ್ನು ಬಂದ ಹಾಗೇ ಉರಿಸಿ ಎಟಿಪಿ ಮಾಡಿಕೊಳ್ಳಬೇಕು. ಹೃದಯದ ಸ್ನಾಯುಕೋಶದ ಒಳಗಿನ ಜಾಗದಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಮೈಟೊಕಾಂಡ್ರಿಯಗಳೇ, ಅಂದರೆ ಇಂಧನ ಉರಿಸಿ ಎಟಿಪಿ ಮಾಡುವ ಕಿರು ಕುಲುಮೆಗಳೇ, ತುಂಬಿಕೊಂಡಿರುವುದು ಇದಕ್ಕೇ.

ಹೃದಯಕ್ಕೆ ಸಕ್ಕರೆಯೇ ಆಹಾರವಲ್ಲವೇ? ಸುಸ್ತಾದಾಗ ಗ್ಲೂಕೋಸ್ ಹಾಕಿಸಿಕೊಂಡರೆ ಹೃದಯಕ್ಕೆ ಬಲ ಬರುತ್ತದೆ ಎನ್ನುತ್ತಾರೆ.

ಮಲೆನಾಡಿನಲ್ಲಿ ಬಾಟಲಿ ಹಾಕಿಸಿಕೊಳ್ಳುವ ರೂಢಿ ಗಟ್ಟಿಯಾಗಿ ಬೇರೂರಿದೆ. ಆದರೆ ಆರೋಗ್ಯವಂತ ಹೃದಯಕ್ಕೆ ಬೇಕಾದ ಶಕ್ತಿಯಲ್ಲಿ ಶೇ. 60ರಿಂದ 70ರಷ್ಟು ಬರುವುದು ಕೊಬ್ಬಿನಾಮ್ಲಗಳಿಂದ. ಉಳಿದದ್ದನ್ನು ಗ್ಲೂಕೋಸ್, ಅದು ಅರೆಬರೆ ಒಡೆದಾಗ ಸಿಗುವ ಲ್ಯಾಕ್ಟೇಟ್, ಯಕೃತ್ತು ಕೊಬ್ಬಿನಿಂದ ಮಾಡುವ ಕೀಟೋನ್ ಮತ್ತು ಅಲ್ಪಸ್ವಲ್ಪ ಅಮೈನೋ ಆಮ್ಲಗಳು ತುಂಬುತ್ತವೆ. ಉಪವಾಸದ ದಿನ ಒಂದು ಬಗೆ, ಊಟವಾದ ಮೇಲೆ ಇನ್ನೊಂದು ಬಗೆ, ಅಡಿಕೆ ಮರ ಹತ್ತುವಾಗ ಮತ್ತೊಂದು ಬಗೆ. ಸಿಕ್ಕಿದ್ದನ್ನು ಉರಿಸುವ ಈ ಹೊಂದಾಣಿಕೆಯೇ ಹೃದಯದ ಆರೋಗ್ಯದ ಗುರುತು. ಕಾಯಿಲೆ ಬಂದಾಗ ಮೊದಲು ಕುಗ್ಗುವುದೂ ಅದೇ. ನಿರ್ಜಲೀಕರಣವೋ ಸಕ್ಕರೆ ಇಳಿದಿರುವುದೋ ಇದ್ದಾಗ ವೈದ್ಯರು ಕೊಡುವ ಬಾಟಲಿಯ ವಿಚಾರ ಬೇರೆ. ಹೃದಯ ದುರ್ಬಲವಾದವರಿಗೆ ಸುಮ್ಮನೆ ದ್ರವ ಏರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಅಪಾಯವೇ ಹೆಚ್ಚು.

ಮೈಯ ಎಲ್ಲ ಕೋಶಗಳಲ್ಲೂ ಒಂದೇ ಜೀನೋಮ್ ಇದೆ ಎನ್ನುತ್ತೀರಿ. ಹಾಗಾದರೆ ಉಗುಳು ಪರೀಕ್ಷಿಸಿದರೆ ಸಾಕಲ್ಲ, ಹೃದಯವನ್ನೇ ಏಕೆ ನೋಡಬೇಕು?

ಬರಹ ಒಂದೇ, ನಿಜ. ಸುಮಾರು 320 ಕೋಟಿ ಅಕ್ಷರಗಳು, ಅದರಲ್ಲಿ ಪ್ರೋಟೀನ್ ತಯಾರಿಕೆಯ ಸೂಚನೆ ಹೊತ್ತ ವಂಶವಾಹಿಗಳು 20,000ದ ಆಸುಪಾಸು. ಆದರೆ ಯಾವ ಕೋಶ ಯಾವ ಪುಟ ತೆರೆದು ಓದುತ್ತದೆ ಎಂಬುದು ಬೇರೆ ಬೇರೆ. ಕೊಬ್ಬು ಉರಿಸುವ ಕಿಣ್ವಗಳ ವಂಶವಾಹಿಗಳು ಹೃದಯದಲ್ಲಿ ಹಗಲಿರುಳೂ ತೆರೆದಿರುತ್ತವೆ. ಮೆದುಳಿನ ನರಕೋಶಗಳಲ್ಲಿ ಅಷ್ಟಿಲ್ಲ. ತೆರೆದ ಪುಟದಿಂದ ನಕಲಾಗಿ ಬರುವುದು ಆರ್‌ಎನ್‌ಎ. ಉಗುಳಿನ ಡಿಎನ್‌ಎ ಓದಿದರೆ ಹುಟ್ಟಿನಿಂದ ಬಂದ ಅಕ್ಷರದೋಷ ಕಾಣುತ್ತದೆ. ಕಾಯಿಲೆಯಾದ ಹೃದಯ ಇವತ್ತು ಏನನ್ನು ಓದುತ್ತಿದೆ, ಏನನ್ನು ಮುಚ್ಚಿಟ್ಟಿದೆ ಎಂದು ತಿಳಿಯಬೇಕಾದರೆ ಹೃದಯದ ಆರ್‌ಎನ್‌ಎಯನ್ನೇ ಓದಬೇಕು.

## ಕಾಯಿಲೆಯ ಬಗ್ಗೆ

ಹೃದಯ ವೈಫಲ್ಯ ಎಂದರೆ ಹೃದಯ ನಿಂತುಹೋಗುವುದಲ್ಲವೇ? ಅದಕ್ಕೂ ಇಂಧನಕ್ಕೂ ಏನು ಸಂಬಂಧ?

ನಿಂತುಹೋಗುವುದಲ್ಲ. ಮೈಗೆ ಬೇಕಾದಷ್ಟು ರಕ್ತವನ್ನು ನೂಕಲು ಹೃದಯಕ್ಕೆ ಆಗದಿರುವ ಸ್ಥಿತಿ. ಕಾಲು ಊದಿಕೊಳ್ಳುತ್ತದೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ಮನೆಯಿಂದ ತೋಟಕ್ಕೆ ಇಳಿದು ಹತ್ತಿ ಬರುವಷ್ಟರಲ್ಲಿ ಏದುಸಿರು.

ಇಂಥ ಹೃದಯದ ಕೋಶದೊಳಗೆ ಇಣುಕಿದರೆ ಕಾಣುವುದು ಶಕ್ತಿಯ ಬರ. ಕಾಯಿಲೆ ಮುಂದುವರಿದ ಹೃದಯಗಳಲ್ಲಿ ಎಟಿಪಿಯ ಪ್ರಮಾಣ ಶೇ. 30ರಿಂದ 40ರಷ್ಟು ಕುಸಿದಿರುತ್ತದೆ. ಅದಕ್ಕೂ ಮೊದಲೇ ಇಳಿಯುವುದು ಕ್ರಿಯಾಟಿನ್ ಫಾಸ್ಫೇಟ್ ಎಂಬ ತುರ್ತು ನಿಧಿ. ಹಿಗ್ಗಿದ ಹೃದಯದ ರೋಗಿಗಳಲ್ಲಿ ಎಟಿಪಿಗೆ ಹೋಲಿಸಿದರೆ ಈ ನಿಧಿ ಎಷ್ಟಿದೆ ಎಂಬ ಅನುಪಾತವನ್ನು ಹೊರಗಿನಿಂದಲೇ ಅಯಸ್ಕಾಂತೀಯ ಅನುರಣನ ತಂತ್ರದಲ್ಲಿ ಅಳೆದವರು 1997ರಲ್ಲಿ ಒಂದು ಸಂಗತಿ ಪ್ರಕಟಿಸಿದರು: ಅನುಪಾತ ಕಡಿಮೆಯಿದ್ದವರು ಬೇಗ ಸಾಯುವ ಸಂಭವ ಹೆಚ್ಚು.

ಇಲ್ಲಿ ಜೀನೋಮ್ ತಂತ್ರಗಳು ಹೇಳಿದ ಕಥೆ ನನಗೆ ಇಂದಿಗೂ ವಿಸ್ಮಯ. ತಾಯಿಯ ಗರ್ಭದಲ್ಲಿ ಆಮ್ಲಜನಕ ಕಡಿಮೆ. ಅಲ್ಲಿ ಮಗುವಿನ ಹೃದಯ ಮುಖ್ಯವಾಗಿ ಗ್ಲೂಕೋಸ್ ಮತ್ತು ಲ್ಯಾಕ್ಟೇಟನ್ನು ನಂಬಿರುತ್ತದೆ. ಹುಟ್ಟಿ ಉಸಿರಾಡಿ ಎದೆಹಾಲು ಕುಡಿಯತೊಡಗಿದ ಮೇಲೆ ಕೊಬ್ಬು ಉರಿಸುವ ವಂಶವಾಹಿಗಳು ಎದ್ದು ನಿಲ್ಲುತ್ತವೆ. ಪಿಪಾರ್ ಆಲ್ಫಾ ಎಂಬ ನಿಯಂತ್ರಕ ಪ್ರೋಟೀನು ಈ ಬದಲಾವಣೆಯ ಯಜಮಾನರಲ್ಲೊಂದು. ದಶಕಗಳು ಕಳೆದು ಅದೇ ಹೃದಯ ಸೋಲತೊಡಗಿದಾಗ ಆರ್‌ಎನ್‌ಎ ಓದಿ ನೋಡಿದರೆ, ಕೊಬ್ಬು ಉರಿಸುವ ಹಲವು ವಂಶವಾಹಿಗಳು ಮತ್ತೆ ತಗ್ಗಿರುತ್ತವೆ, ಭ್ರೂಣದ ಕಾಲದ ಕೆಲವು ವಂಶವಾಹಿಗಳು ಮತ್ತೆ ಏರಿರುತ್ತವೆ. ಇದು ಹೃದಯ ತನ್ನನ್ನು ಉಳಿಸಿಕೊಳ್ಳಲು ಮಾಡುವ ಪ್ರಯತ್ನವೇ, ಸೋಲಿನ ಲಕ್ಷಣವೇ? ಪರಿಣತರಲ್ಲಿ ಒಮ್ಮತವಿಲ್ಲ. ಶುರುವಿನಲ್ಲಿ ಕಾಪಾಡುವ ಬದಲಾವಣೆಯೇ ವರ್ಷಗಟ್ಟಲೆ ಮುಂದುವರಿದಾಗ ಕೇಡು ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಅಪ್ಪನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಆಂಜಿಯೋಗ್ರಾಂನಲ್ಲಿ ಯಾವ ಬ್ಲಾಕೂ ಇಲ್ಲ ಎಂದರು. ಆದರೂ ಹೃದಯ ದುರ್ಬಲ ಎನ್ನುತ್ತಾರೆ. ಹೇಗೆ ಸಾಧ್ಯ?

ಸಾಧ್ಯ. ರಕ್ತನಾಳ ಚೆನ್ನಾಗಿದ್ದೂ ಸ್ನಾಯು ಕೆಡಬಹುದು. ಇನ್ಸುಲಿನ್ನಿನ ಮಾತು ಕೇಳದ ಹೃದಯ ಗ್ಲೂಕೋಸನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ರಕ್ತದಲ್ಲಿ ಕೊಬ್ಬಿನಾಮ್ಲ ಧಾರಾಳವಾಗಿರುವುದರಿಂದ ಅದನ್ನೇ ಎಳೆದುಕೊಳ್ಳುತ್ತದೆ. ಅದನ್ನು ಒಳಬಿಡುವ ಸಿಡಿ36 ಎಂಬ ಬಾಗಿಲು ಕೋಶದ ಹೊರಪೊರೆಯಲ್ಲಿ ಹೆಚ್ಚುತ್ತದೆ. ಉರಿಯುವುದಕ್ಕಿಂತ ಹೆಚ್ಚು ಒಳಗೆ ಬಂದಾಗ ಉಳಿದ ಕೊಬ್ಬು ಕೋಶದಲ್ಲೇ ಕೂತು ಕಿರಿಕಿರಿ ಮಾಡುವ ಉಪಪದಾರ್ಥಗಳಾಗುತ್ತದೆ. ಇಲಿಗಳ ಹೃದಯದಲ್ಲಿ ಪಿಪಾರ್ ಆಲ್ಫಾವನ್ನು ಅತಿಯಾಗಿ ಹೆಚ್ಚಿಸಿದಾಗ, ಸಕ್ಕರೆ ಕಾಯಿಲೆಯೇ ಇಲ್ಲದೆ, ಸಕ್ಕರೆ ಕಾಯಿಲೆಯವರ ಹೃದಯದಂಥದ್ದೇ ಹೃದಯ ಮೂಡಿದ್ದನ್ನು 2002ರಲ್ಲಿ ತೋರಿಸಲಾಯಿತು. ಗಮನಿಸಿ: ಸೋತ ಹೃದಯದಲ್ಲಿ ಕೊಬ್ಬು ಉರಿಸುವುದು ತಗ್ಗುತ್ತದೆ, ಸಕ್ಕರೆ ಕಾಯಿಲೆಯ ಹೃದಯದಲ್ಲಿ ಕೊಬ್ಬಿನ ಮೇಲಿನ ಅವಲಂಬನೆ ಏರುತ್ತದೆ. ಎರಡೂ ಕಡೆ ಕಳೆದುಹೋದದ್ದು ಇಂಧನ ಬದಲಿಸುವ ಸಾಮರ್ಥ್ಯ.

ಅಮ್ಮನಿಗೆ ಸಕ್ಕರೆ ಕಾಯಿಲೆ ಇಲ್ಲ. ಆದರೂ ಹೃದಯದ ವೈದ್ಯರು ಸಕ್ಕರೆ ಕಾಯಿಲೆಯ ಮಾತ್ರೆ ಬರೆದಿದ್ದಾರೆ. ತಪ್ಪಾಗಿದೆಯೇ?

ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಆಗಿದ್ದರೆ ತಪ್ಪಾಗಿಲ್ಲ. 2019 ಮತ್ತು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳು, ಸಕ್ಕರೆ ಕಾಯಿಲೆ ಇರಲಿ ಇಲ್ಲದಿರಲಿ, ಹೃದಯ ವೈಫಲ್ಯದವರಿಗೆ ಇವು ಒಳ್ಳೆಯದು ಮಾಡುತ್ತವೆ ಎಂದು ತೋರಿಸಿದವು. ಮೂತ್ರದಲ್ಲಿ ಸಕ್ಕರೆ ಹೊರಹೋಗುವಂತೆ ಮಾಡುವ ಈ ಮಾತ್ರೆಗಳಿಂದ ರಕ್ತದಲ್ಲಿ ಕೀಟೋನ್ ತುಸು ಏರುತ್ತದೆ. ಸೋತ ಹೃದಯಕ್ಕೆ ಕೀಟೋನ್ ಉರಿಸುವ ಶಕ್ತಿ ಹೆಚ್ಚಿರುವುದು 2016ರಲ್ಲಿ ಮಾನವ ಹೃದಯದ ಅಂಗಾಂಶದಲ್ಲೇ ಕಂಡುಬಂದಿತ್ತು. ಲಾಭವೆಲ್ಲ ಇದರಿಂದಲೇ ಬರುತ್ತದೆ ಎನ್ನುವಂತಿಲ್ಲ; ಮೂತ್ರಪಿಂಡ, ಉಪ್ಪು ನೀರಿನ ಸಮತೋಲನ, ಉರಿಯೂತ ಎಲ್ಲವೂ ಲೆಕ್ಕದಲ್ಲಿವೆ. ಜ್ವರ, ವಾಂತಿ ಭೇದಿ ಇದ್ದಾಗ ಅಥವಾ ದೀರ್ಘ ಉಪವಾಸದ ವ್ರತ ಹಿಡಿಯುವಾಗ ಈ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಲೇಬೇಕು.

ಒಂದೇ ಒಂದು ವಂಶವಾಹಿ ಕೆಟ್ಟರೆ ಹೃದಯದ ಇಂಧನ ವ್ಯವಸ್ಥೆ ಕೆಡುವುದುಂಟೇ?

ಉಂಟು. ಇಂಥ ಕಾಯಿಲೆಗಳು ವಿರಳ, ಆದರೆ ಹೃದಯದ ಚಯಾಪಚಯದ ಬಗ್ಗೆ ನಾವು ಕಲಿತದ್ದರಲ್ಲಿ ಬಹಳಷ್ಟನ್ನು ಕಲಿಸಿದ್ದು ಈ ಮಕ್ಕಳೇ. ಎಸ್ಎಲ್‌ಸಿ22ಎ5 ಎಂಬ ವಂಶವಾಹಿ ಕೆಟ್ಟರೆ ಕಾರ್ನಿಟಿನ್ ಕೋಶದೊಳಗೆ ಬರುವುದಿಲ್ಲ. ಕಾರ್ನಿಟಿನ್ ಇಲ್ಲದೆ ಉದ್ದ ಸರಪಳಿಯ ಕೊಬ್ಬಿನಾಮ್ಲ ಮೈಟೊಕಾಂಡ್ರಿಯ ಸೇರುವುದಿಲ್ಲ. ಮಗುವಿನ ಹೃದಯ ಊದಿಕೊಳ್ಳುತ್ತದೆ. ಸಮಯಕ್ಕೆ ಪತ್ತೆಯಾದರೆ ಬಾಯಿಯ ಮೂಲಕ ಕಾರ್ನಿಟಿನ್ ಕೊಟ್ಟೇ ಆ ಹೃದಯವನ್ನು ಸರಿದಾರಿಗೆ ತರಬಹುದು. ಕಾರಣ ತಿಳಿಯದೆ ಹೃದಯ ಹಿಗ್ಗಿದ ಪ್ರತಿ ಮಗುವಿನಲ್ಲೂ ಈ ಸಾಧ್ಯತೆಯನ್ನು ಯಾರಾದರೂ ನೆನಪಿಸಿಕೊಳ್ಳಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಪಾಂಪೆ ಕಾಯಿಲೆಯಲ್ಲಿ ಗ್ಲೈಕೋಜನ್ (ಕೋಶ ಕೂಡಿಟ್ಟ ಸಕ್ಕರೆ) ಒಡೆಯದೆ ಕೋಶದಲ್ಲಿ ತುಂಬಿಕೊಳ್ಳುತ್ತದೆ, ಫ್ಯಾಬ್ರಿ ಕಾಯಿಲೆಯಲ್ಲಿ ಒಂದು ಬಗೆಯ ಕೊಬ್ಬು. ಎರಡಕ್ಕೂ ಕಿಣ್ವ ಚಿಕಿತ್ಸೆ ಇದೆ, ಆದರೆ ಅದು ಬಹಳ ದುಬಾರಿ. 2021ರ ರಾಷ್ಟ್ರೀಯ ವಿರಳ ಕಾಯಿಲೆಗಳ ನೀತಿಯಡಿ ನೆರವಿಗೆ ಅವಕಾಶವಿದೆ. ನಮ್ಮ ರಾಜ್ಯದಲ್ಲಿ ಗುರುತಿಸಲಾದ ಉತ್ಕೃಷ್ಟತಾ ಕೇಂದ್ರ ಬೆಂಗಳೂರಿನಲ್ಲಿದೆ. ಇನ್ನು ಪಿಆರ್‌ಕೆಎಜಿ2 ಎಂಬ ವಂಶವಾಹಿಯ ದೋಷ ಹೃದಯದ ಗೋಡೆಯನ್ನು ದಪ್ಪಗಾಗಿಸಿ, ಬಡಿತದ ಲಯವನ್ನೂ ಕೆಡಿಸುತ್ತದೆ. ಎಕೋದಲ್ಲಿ ಇದು ಸಾಮಾನ್ಯ ದಪ್ಪ ಹೃದಯದ ಕಾಯಿಲೆಯಂತೆಯೇ ಕಾಣುತ್ತದೆ. ಬೇರ್ಪಡಿಸುವುದು ವಂಶವಾಹಿ ಪರೀಕ್ಷೆ.

## ತಂತ್ರಗಳ ಬಗ್ಗೆ

ಬದುಕಿರುವ ಮನುಷ್ಯನ ಹೃದಯದ ತುಂಡು ನಿಮಗೆ ಎಲ್ಲಿ ಸಿಗುತ್ತದೆ?

ಈ ಪ್ರಶ್ನೆ ಕೇಳುವವರ ದನಿಯಲ್ಲಿ ಸ್ವಲ್ಪ ಭಯವೂ ಇರುತ್ತದೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಹೃದಯ ಕಸಿ ಮಾಡುವಾಗ ತೆಗೆದ ಹಳೆಯ ಹೃದಯ. ಕೃತಕ ಪಂಪು ಅಳವಡಿಸುವಾಗ ಎಡ ಹೃತ್ಕುಕ್ಷಿಯ ತುದಿಯಿಂದ ಕೊರೆದು ತೆಗೆದ ಬಿಲ್ಲೆ. ಕವಾಟದ ಶಸ್ತ್ರಚಿಕಿತ್ಸೆಯಲ್ಲಿ ಸಿಗುವ ಚೂರು. ದಾನವಾಗಿ ಬಂದರೂ ಕಸಿಗೆ ಹೊಂದದ ಹೃದಯ. ಎಲ್ಲದಕ್ಕೂ ರೋಗಿಯ ಅಥವಾ ಮನೆಯವರ ಲಿಖಿತ ಒಪ್ಪಿಗೆ ಮತ್ತು ನೈತಿಕ ಸಮಿತಿಯ ಅನುಮತಿ ಬೇಕು.

ತುಂಡು ಸಿಕ್ಕ ಮೇಲೆ ನಡೆಯುವುದೆಲ್ಲ ಗಡಿಯಾರದ ಜೊತೆಗಿನ ಓಟ. ರಕ್ತ ನಿಂತ ಕ್ಷಣದಿಂದ ಕೋಶ ಆಮ್ಲಜನಕವಿಲ್ಲದೆ ಬದುಕಲು ಹೆಣಗುತ್ತದೆ; ಲ್ಯಾಕ್ಟೇಟ್ ಏರುತ್ತದೆ, ಎಟಿಪಿ ಇಳಿಯುತ್ತದೆ. ತಡ ಮಾಡಿದರೆ ನಾವು ಅಳೆಯುವುದು ರೋಗಿಯ ಕಾಯಿಲೆಯನ್ನಲ್ಲ, ನಮ್ಮ ನಿಧಾನವನ್ನು. ಆದ್ದರಿಂದ ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲಲ್ಲೇ ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಪಾತ್ರೆ ಇಟ್ಟುಕೊಂಡು ನಿಲ್ಲುತ್ತೇವೆ. ಚಯಾಪಚಯದ ಅಳತೆಗಾದರೆ ಅಗಲ ಬಾಯಿಯ ಲೋಹದ ಇಕ್ಕಳವನ್ನು ಮೊದಲೇ ಅದರಲ್ಲಿ ಅದ್ದಿ ತಣ್ಣಗೆ ಮಾಡಿರುತ್ತೇವೆ. ಅದರ ದವಡೆಗಳ ನಡುವೆ ಅಂಗಾಂಶವನ್ನು ಒತ್ತಿದೊಡನೆ ಅದು ಹಪ್ಪಳದಷ್ಟು ತೆಳುವಾಗಿ, ಒಳಗಿನ ತನಕ ಒಂದೇ ಬಾರಿಗೆ ಹೆಪ್ಪುಗಟ್ಟುತ್ತದೆ. ಇಡೀ ಗಟ್ಟಿಯನ್ನು ಹಾಗೇ ಮುಳುಗಿಸಿದರೆ ಹೊರಗೆ ಹೆಪ್ಪುಗಟ್ಟಿ ನಡುವೆ ಇನ್ನೂ ಬೆಚ್ಚಗೆ ಉಳಿದಿರುತ್ತದೆ, ಅಲ್ಲಿ ಕಿಣ್ವಗಳು ಕೆಲಸ ಮುಂದುವರಿಸುತ್ತವೆ. ಆಮೇಲೆ ಪಿಂಗಾಣಿ ಒರಳಲ್ಲಿ ಸಾರಜನಕ ಸುರಿಯುತ್ತಲೇ ಕುಟ್ಟಿ ತಿಳಿಗುಲಾಬಿ ಬಣ್ಣದ ಪುಡಿ ಮಾಡುತ್ತೇವೆ. ಆರ್‌ಎನ್‌ಎ ತೆಗೆದು, ಅದು ಎಷ್ಟು ತುಂಡಾಗಿದೆ ಎಂದು 1ರಿಂದ 10ರ ಅಂಕದಲ್ಲಿ ಅಳೆದ ಮೇಲಷ್ಟೇ ಮುಂದಿನ ಮಾತು.

ಇಷ್ಟೆಲ್ಲ ಏಕೆ, ತೋಳಿನ ರಕ್ತ ತೆಗೆದುಕೊಂಡರೆ ಸಾಲದೇ?

ಹುಟ್ಟಿನಿಂದ ಬಂದ ಡಿಎನ್‌ಎ ದೋಷಕ್ಕೆ ಸಾಕು. ಹೃದಯದ ಆರ್‌ಎನ್‌ಎಗೆ ಸಾಲದು, ಏಕೆಂದರೆ ರಕ್ತದಲ್ಲಿ ಸಿಗುವ ಆರ್‌ಎನ್‌ಎ ಮುಖ್ಯವಾಗಿ ಬಿಳಿ ರಕ್ತಕಣಗಳದ್ದು.

ಈಗ ಒಂದೊಂದು ಕೋಶವನ್ನೂ ಬೇರೆ ಬೇರೆಯಾಗಿ ಓದುತ್ತಾರಂತೆ. ಹೃದಯದಲ್ಲಿ ಅದರಿಂದ ಹೊಸದಾಗಿ ಏನು ತಿಳಿಯಿತು?

ಮೊದಲು ತಿಳಿದದ್ದು ಹೃದಯವೆಂದರೆ ಬರೀ ಸ್ನಾಯುವಲ್ಲ ಎಂಬುದು ಎಷ್ಟರಮಟ್ಟಿಗೆ ನಿಜ ಎಂದು. 2020ರಲ್ಲಿ 14 ದಾನಿಗಳ ಹೃದಯದಿಂದ ಸುಮಾರು 5 ಲಕ್ಷ ಕೋಶ ಮತ್ತು ಕೋಶಕೇಂದ್ರಗಳನ್ನು ಓದಿ ಒಂದು ನಕ್ಷೆ ಪ್ರಕಟವಾಯಿತು. ಹೃತ್ಕುಕ್ಷಿಗಳಲ್ಲಿ ಸ್ನಾಯುಕೋಶಗಳ ಪಾಲು ಎಣಿಕೆಯಲ್ಲಿ ಅರ್ಧದಷ್ಟು, ಹೃತ್ಕರ್ಣಗಳಲ್ಲಿ ಮೂರನೇ ಒಂದಕ್ಕಿಂತಲೂ ಕಡಿಮೆ. ಉಳಿದವು ರಕ್ತನಾಳದ ಒಳಪದರ, ನಾರುಕೋಶ, ರಕ್ಷಕ ಕೋಶ, ಕೊಬ್ಬುಕೋಶ ಇತ್ಯಾದಿ. ಹಿಂದೆ ಇಡೀ ತುಂಡನ್ನು ಅರೆದು ಓದುತ್ತಿದ್ದಾಗ, ಕಾಯಿಲೆಯ ಹೃದಯದಲ್ಲಿ ಕೊಬ್ಬು ಉರಿಸುವ ವಂಶವಾಹಿ ತಗ್ಗಿದೆ ಎಂದು ಬರೆಯುತ್ತಿದ್ದೆವು. ನಿಜವಾಗಿ ತಗ್ಗಿದ್ದು ವಂಶವಾಹಿಯೋ, ಸ್ನಾಯುಕೋಶ ಸತ್ತು ಅಲ್ಲಿ ನಾರುಕೋಶ ತುಂಬಿಕೊಂಡದ್ದೋ? ಅರೆದ ತುಂಡಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಕೋಶ ಕೋಶವಾಗಿ ಓದಿದಾಗ ಈ ಗೊಂದಲ ಬಿಡಿಸಬಹುದು.

ಒಂದು ತೊಡಕಿದೆ. ಹೃದಯದ ಸ್ನಾಯುಕೋಶ 100 ಮೈಕ್ರೋಮೀಟರಿಗಿಂತ ಉದ್ದ. ಹನಿಗಳಲ್ಲಿ ಕೋಶ ಹಿಡಿಯುವ ಯಂತ್ರದ ಕಿರುನಾಳದಲ್ಲಿ ಹಿಡಿಸುವುದಿಲ್ಲ, ಹೆಪ್ಪುಗಟ್ಟಿದ ಅಂಗಾಂಶದಲ್ಲಾದರೆ ಒಡೆದುಹೋಗಿರುತ್ತದೆ. ಹಾಗಾಗಿ ಕೋಶಕೇಂದ್ರವನ್ನು ಮಾತ್ರ ಬೇರ್ಪಡಿಸಿ ಓದುತ್ತೇವೆ. ಯಾವ ಕೋಶ ಎಲ್ಲಿ ಕೂತಿತ್ತು ಎಂಬ ಮಾಹಿತಿ ಇದರಲ್ಲಿ ಕಳೆದುಹೋಗುತ್ತದೆ. ಅದಕ್ಕೆ ಅಂಗಾಂಶದ ತೆಳು ಹಾಳೆಯನ್ನು ಗಾಜಿನ ಮೇಲಿಟ್ಟು ಜಾಗ ಸಹಿತ ಆರ್‌ಎನ್‌ಎ ಓದುವ ತಂತ್ರ ಬಂದಿದೆ. ಹೃದಯಾಘಾತವಾದ ಮಾನವ ಹೃದಯದ ಇಂಥ ನಕ್ಷೆ 2022ರಲ್ಲಿ ಬಂತು. ಸತ್ತ ಭಾಗ, ಅದರ ಅಂಚು, ದೂರದ ಆರೋಗ್ಯವಂತ ಭಾಗ ಮೂರರಲ್ಲೂ ಕೋಶಗಳ ವರ್ತನೆ ಬೇರೆ. ಚಿಕಿತ್ಸೆಗೆ ಬಾಗಿಲು ತೆರೆದಿರುವುದು ಆ ಅಂಚಿನಲ್ಲಿ ಎಂದು ನನಗೆ ತೋರುತ್ತದೆ.

ಒಂದು ವಂಶವಾಹಿಯ ಆರ್‌ಎನ್‌ಎ ಹೆಚ್ಚಿದೆ ಎಂದರೆ ಆ ಇಂಧನ ಹೆಚ್ಚು ಉರಿಯುತ್ತಿದೆ ಎಂದರ್ಥವೇ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ಅರ್ಥ ಹಾಗಲ್ಲ. ಆರ್‌ಎನ್‌ಎಯಿಂದ ಪ್ರೋಟೀನ್ ಆಗಬೇಕು, ಪ್ರೋಟೀನ್ ಸರಿಯಾದ ಜಾಗ ಸೇರಬೇಕು, ಅದಕ್ಕೆ ಕಚ್ಚಾವಸ್ತು ಮತ್ತು ಆಮ್ಲಜನಕ ಸಿಗಬೇಕು, ಕಿಣ್ವವನ್ನು ಬಿಗಿಹಿಡಿಯುವ ಅಣುಗಳು ದೂರವಿರಬೇಕು. ಇಷ್ಟೆಲ್ಲ ಆದ ಮೇಲೆ ಉಂಟಾಗುವುದು ಹರಿವು. ಹರಿವನ್ನು ಅಳೆಯದೆ ಆರ್‌ಎನ್‌ಎ ಪಟ್ಟಿಯನ್ನೇ ಚಯಾಪಚಯ ಎಂದು ಕರೆಯುವ ಲೇಖನಗಳು ತುಂಬಾ ಇವೆ, ಅವನ್ನು ನಾನು ಒಪ್ಪುವುದಿಲ್ಲ.

ಹರಿವು ಅಳೆಯುವ ದಾರಿಗಳಿವೆ. 1940ರ ದಶಕದ ಕೊನೆಯಲ್ಲೇ ರಿಚರ್ಡ್ ಬಿಂಗ್ ಅವರು ಹೃದಯದಿಂದ ಮರಳುವ ರಕ್ತವನ್ನು ಕೊಳವೆಯಿಂದ ಪಡೆದು, ಹೃದಯ ಏನು ತಿಂದಿತು ಎಂದು ಲೆಕ್ಕ ಹಾಕತೊಡಗಿದ್ದರು. ಅದೇ ವಿಚಾರವನ್ನು, ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಇಂದಿನ ದ್ರವ್ಯರಾಶಿ ಮಾಪಕದ ಜೊತೆ ಸೇರಿಸಿ 2020ರಲ್ಲಿ 110 ರೋಗಿಗಳಲ್ಲಿ 277 ಬಗೆಯ ಅಣುಗಳನ್ನು ಅಳೆದರು: ಒಳಹೋಗುವ ರಕ್ತದಲ್ಲೆಷ್ಟು, ಹೊರಬರುವ ರಕ್ತದಲ್ಲೆಷ್ಟು. ಹೃದಯ ಮುಖ್ಯವಾಗಿ ಕೊಬ್ಬಿನಾಮ್ಲವನ್ನೇ ಎಳೆದುಕೊಳ್ಳುತ್ತಿತ್ತು, ಗ್ಲೂಕೋಸನ್ನು ಬಹಳ ಕಡಿಮೆ. ಸೋತ ಹೃದಯಗಳು ಕೀಟೋನ್ ಮತ್ತು ಲ್ಯಾಕ್ಟೇಟನ್ನು ಹೆಚ್ಚು ಬಳಸುತ್ತಿದ್ದವು. ಜೊತೆಗೆ ಹೃದಯದಿಂದ ಅಮೈನೋ ಆಮ್ಲಗಳು ಹೊರಬರುತ್ತಿದ್ದವು, ಅಂದರೆ ಸ್ನಾಯು ತನ್ನದೇ ಪ್ರೋಟೀನನ್ನು ಒಡೆಯುತ್ತಿತ್ತು. ಸೋತ ಹೃದಯಗಳಲ್ಲಿ ಅದು ಇನ್ನೂ ಹೆಚ್ಚು. ಯಾವ ಆರ್‌ಎನ್‌ಎ ಪಟ್ಟಿಯಿಂದಲೂ ಇದನ್ನು ನೇರವಾಗಿ ಓದಿಕೊಳ್ಳಲು ಆಗುತ್ತಿರಲಿಲ್ಲ. ಜೀನೋಮ್ ತಂತ್ರ ಎಲ್ಲಿ ನೋಡಬೇಕೆಂದು ತೋರಿಸುತ್ತದೆ. ಏನಾಗುತ್ತಿದೆ ಎಂದು ತಿಳಿಯಲು ಅಣುಗಳನ್ನೂ ಅಳೆಯಬೇಕು.

## ನಮ್ಮ ಮನೆ, ನಮ್ಮ ಊರು

ನಮ್ಮ ದೇಶದವರಿಗೆ ಹೃದಯ ಕೆಡಿಸುವ ಬೇರೆಯದೇ ವಂಶವಾಹಿ ಇದೆ ಎಂದು ಓದಿದೆ. ನಿಜವೇ?

ವಂಶವಾಹಿ ಎಲ್ಲರಲ್ಲೂ ಇರುವುದೇ. ಅದರಲ್ಲೊಂದು ಬದಲಾವಣೆ ನಮ್ಮಲ್ಲಿ ಹೆಚ್ಚು. ಎಂವೈಬಿಪಿಸಿ3 ಎಂಬ ವಂಶವಾಹಿಯಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವುದು ದಕ್ಷಿಣ ಏಷ್ಯಾದ ಜನರಲ್ಲಿ ಸುಮಾರು ಶೇ. 4ರಷ್ಟು ಮಂದಿಯಲ್ಲಿದೆ ಎಂದು 2009ರಲ್ಲಿ ಭಾರತೀಯ ವಿಜ್ಞಾನಿಗಳೇ ಮುಂದಾಗಿ ತೋರಿಸಿದರು. ಹೃದಯ ವೈಫಲ್ಯದ ಅಪಾಯದೊಂದಿಗೆ ಅದಕ್ಕೆ ಸಂಬಂಧ ಕಂಡಿತು. ಆದರೆ ಇದನ್ನು ಹೊತ್ತವರಲ್ಲಿ ಬಹಳ ಮಂದಿ ಆರಾಮಾಗಿ ಬಾಳಿ ಮುಪ್ಪಾಗುತ್ತಾರೆ. ಕೆಲವರಲ್ಲಿ ಅದೇ ವಂಶವಾಹಿಯ ಇನ್ನೊಂದು ಬದಲಾವಣೆ ಜೊತೆಯಲ್ಲೇ ಇದ್ದು, ತೊಂದರೆಯ ಪಾಲು ಅದರದ್ದೂ ಇರಬಹುದು ಎಂದು ನಂತರದ ಅಧ್ಯಯನಗಳು ಹೇಳಿದವು.

ಇಂಧನಕ್ಕೂ ಇದಕ್ಕೂ ನಂಟಿದೆ. ಹೃದಯ ದಪ್ಪಗಾಗುವ ಆನುವಂಶಿಕ ಕಾಯಿಲೆಯಲ್ಲಿ ಕೆಡುವುದು ಸಂಕುಚಿಸುವ ಪ್ರೋಟೀನುಗಳು. ಅವು ಅಷ್ಟೇ ಕೆಲಸಕ್ಕೆ ಹೆಚ್ಚು ಎಟಿಪಿ ಖರ್ಚು ಮಾಡುತ್ತವೆ. 2022ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮಾವಾಕಾಮ್ಟೆನ್ ಎಂಬ ಔಷಧ ಆ ಅತಿ ಖರ್ಚಿನ ಮೋಟಾರನ್ನೇ ತುಸು ತಡೆಯುತ್ತದೆ.

ಸಂಶೋಧನೆಗೆ ರಕ್ತ ಕೊಡಿ ಎಂದು ಊರಿಗೆ ಬರುತ್ತಾರೆ. ಕೊಡಬೇಕೇ?

ಶಿವಮೊಗ್ಗ ಜಿಲ್ಲೆಗೆ ಇದು ಹೊಸದಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು 1957ರಿಂದ ಮಂಗನ ಕಾಯಿಲೆಯ ವೈರಸ್ಸಿಗೆ ಅಂಟಿದೆ. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ವಂಶಪಾರಂಪರ್ಯವಾಗಿ ಬರುವ ಮೂಳೆ ಕೀಲುಗಳ ಕಾಯಿಲೆಗೆ. ಕಾಯಿಲೆಗೆ ಊರಿನ ಹೆಸರು ಅಂಟಿದರೆ ಅಲ್ಲಿನ ಜನ ಏನೇನು ಹೊರಬೇಕಾಗುತ್ತದೆ ಎಂದು ಮಲೆನಾಡಿನವರಿಗೆ ಬೇರೆಯವರು ಹೇಳಬೇಕಿಲ್ಲ.

ಆದರೂ ಕೊಡಿ ಎಂದೇ ನಾನು ಹೇಳುತ್ತೇನೆ, ಕೇಳಿ ತಿಳಿದು ಕೊಡಿ. ಜಗತ್ತಿನ ಹೃದಯ ಕಾಯಿಲೆಯ ಜೀನೋಮ್ ಅಧ್ಯಯನಗಳಲ್ಲಿ ಬಹುಪಾಲು ಯುರೋಪಿನ ಮೂಲದವರ ಮಾಹಿತಿಯಿದೆ. ಅಲ್ಲಿನ ಲೆಕ್ಕದಿಂದ ಕಟ್ಟಿದ ಅಪಾಯದ ಅಂಕ ನಮ್ಮವರ ವಿಷಯದಲ್ಲಿ ಅಷ್ಟು ಸರಿಯಾಗಿ ಬರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆ, ದೇಶದ 10,000 ಜನರ ಜೀನೋಮ್ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿತು. ಅದು ಆರಂಭ ಮಾತ್ರ.

ಕೊಡುವ ಮೊದಲು ಕೇಳಬೇಕಾದದ್ದು: ಒಪ್ಪಿಗೆ ಪತ್ರ ಕನ್ನಡದಲ್ಲಿದೆಯೇ? ಮಾದರಿ ಎಲ್ಲಿ, ಎಷ್ಟು ಕಾಲ ಇರುತ್ತದೆ? ಮನೆಯವರಿಗೆ ಉಪಯೋಗವಾಗುವ ಫಲಿತಾಂಶ ಸಿಕ್ಕರೆ ತಿಳಿಸುತ್ತಾರೆಯೇ? ಊರಿನ, ಜಾತಿಯ ಹೆಸರು ಲೇಖನದಲ್ಲಿ ಬರುತ್ತದೆಯೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ನೀವು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಅದರಿಂದ ನಿಮ್ಮ ಚಿಕಿತ್ಸೆಗೆ ಅಡ್ಡಿಯಾಗಬಾರದು. ಈ ಪ್ರಶ್ನೆಗಳಿಗೆ ಸಿಡುಕುವವರಿಗೆ ರಕ್ತ ಕೊಡಬೇಡಿ.

ನಮ್ಮಲ್ಲಿ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತರುವ ರೂಢಿ. ಇಂಥ ಕಾಯಿಲೆಗಳು ಅದರಿಂದ ಬರುತ್ತವೆಯೇ?

ಎರಡೂ ಕಡೆಯಿಂದ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳ ಸಂಭವ ಹೆಚ್ಚುತ್ತದೆ; ಕಾರ್ನಿಟಿನ್ ಕೊರತೆ, ಪಾಂಪೆ ಆ ಗುಂಪಿನವು. ಅಂಥ ಮದುವೆಯಾದ ಹೆಚ್ಚಿನವರ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಮನೆತನದಲ್ಲಿ ಎಳೆ ಮಕ್ಕಳು ಹೃದಯದ ತೊಂದರೆಯಿಂದ ತೀರಿಕೊಂಡಿದ್ದರೆ ಮದುವೆಗೆ ಅಥವಾ ಮಗುವಿಗೆ ಮೊದಲು ಆನುವಂಶಿಕ ಸಲಹೆ ಪಡೆಯಿರಿ. ತಾಯಿಯನ್ನು ದೂರುವ ಪದ್ಧತಿ ನಿಲ್ಲಬೇಕು. ಈ ಕಾಯಿಲೆಗಳಲ್ಲಿ ಒಂದು ಪ್ರತಿ ತಂದೆಯದು, ಒಂದು ತಾಯಿಯದು.

ಕೊಬ್ಬರಿ ಎಣ್ಣೆಯ ಕೊಬ್ಬು ಬೇಗ ಉರಿಯುತ್ತದಂತೆ. ಹೃದಯಕ್ಕೆ ಅದೇ ಒಳ್ಳೆಯ ಇಂಧನವೇ?

ಅರ್ಧ ಸತ್ಯ. 8 ಮತ್ತು 10 ಇಂಗಾಲದ ಚಿಕ್ಕ ಕೊಬ್ಬಿನಾಮ್ಲಗಳು ಕಾರ್ನಿಟಿನ್ ನೆರವಿಲ್ಲದೆ ಮೈಟೊಕಾಂಡ್ರಿಯ ಸೇರಬಲ್ಲವು. ಕೊಬ್ಬು ಉರಿಸುವ ಕೆಲವು ಆನುವಂಶಿಕ ದೋಷಗಳಲ್ಲಿ ಅವುಗಳ ಶುದ್ಧ ಎಣ್ಣೆಯನ್ನು ಔಷಧದಂತೆ ಕೊಡುತ್ತಾರೆ. ಕೊಬ್ಬರಿ ಎಣ್ಣೆಯಲ್ಲಿ ಅವು ಸ್ವಲ್ಪವೇ. ಅದರ ಅರ್ಧದಷ್ಟು 12 ಇಂಗಾಲದ ಲಾರಿಕ್ ಆಮ್ಲ, ಅದು ಮೈಯಲ್ಲಿ ಬಹುಪಾಲು ಉದ್ದ ಕೊಬ್ಬಿನಂತೆಯೇ ನಡೆದುಕೊಳ್ಳುತ್ತದೆ ಮತ್ತು ಎಲ್‌ಡಿಎಲ್ ಕೊಲೆಸ್ಟರಾಲ್ ಏರಿಸುತ್ತದೆ. ಒಗ್ಗರಣೆಗೆ ಹಿತಮಿತವಾಗಿ ಬಳಸಿ. ಚಮಚಗಟ್ಟಲೆ ಕುಡಿಯುವುದು ಬೇಡ.

ಅಣ್ಣನ ವಂಶವಾಹಿ ವರದಿಯಲ್ಲಿ 'ಮಹತ್ವ ಖಚಿತವಿಲ್ಲದ ಬದಲಾವಣೆ' ಎಂದಿದೆ. ನಾವೆಲ್ಲ ಪರೀಕ್ಷೆ ಮಾಡಿಸಬೇಕೇ?

ಆ ಬದಲಾವಣೆ ಹುಡುಕಿಕೊಂಡು ಎಲ್ಲರೂ ಓಡಬೇಕಿಲ್ಲ. ಅದು ಕಾಯಿಲೆಗೆ ಕಾರಣವೋ ಸಹಜ ವೈವಿಧ್ಯವೋ ಎಂದು ಹೇಳಲು ಇನ್ನೂ ಸಾಕ್ಷ್ಯವಿಲ್ಲ ಎಂದಷ್ಟೇ ಅದರ ಅರ್ಥ. ನಮ್ಮ ಜನರ ಜೀನೋಮ್ ಮಾಹಿತಿ ಕಡಿಮೆ ಇರುವುದರಿಂದ ನಮ್ಮವರ ವರದಿಗಳಲ್ಲಿ ಈ ಸಾಲು ಹೆಚ್ಚು ಬರುತ್ತದೆ. ಆದರೆ ಅಣ್ಣನಿಗೆ ಹೃದಯ ಸ್ನಾಯುವಿನ ಆನುವಂಶಿಕ ಕಾಯಿಲೆ ಇರುವುದು ಎಕೋದಲ್ಲಿ ಖಚಿತವಾಗಿದ್ದರೆ ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳು ಇಸಿಜಿ ಮತ್ತು ಎಕೋ ಮಾಡಿಸಿಕೊಳ್ಳಲೇಬೇಕು. ವರದಿಯನ್ನು ಎಸೆಯದೆ ಇಟ್ಟುಕೊಳ್ಳಿ, ವರ್ಷಗಳು ಕಳೆದಂತೆ ಇಂಥ ಸಾಲುಗಳ ಅರ್ಥ ಬದಲಾಗುತ್ತದೆ.

ವಂಶವಾಹಿ ಪರೀಕ್ಷೆ ಮಾಡಿಸಿದರೆ ವಿಮೆ ಸಿಗುವುದಿಲ್ಲವೇ?

2018ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಬಂದದ್ದು ಹೃದಯ ದಪ್ಪಗಾಗುವ ಕಾಯಿಲೆಯ ರೋಗಿಯೊಬ್ಬರ ಪ್ರಕರಣವೇ. ಆನುವಂಶಿಕ ಕಾಯಿಲೆ ಎಂಬ ವಿಶಾಲ ಹೆಸರಿನಲ್ಲಿ ವಿಮೆ ನಿರಾಕರಿಸುವುದು ತಾರತಮ್ಯ ಎಂದು ನ್ಯಾಯಾಲಯ ಹೇಳಿತು. ಪಾಲಿಸಿಯ ಷರತ್ತುಗಳನ್ನು ಓದಿ, ಇರುವ ಕಾಯಿಲೆಯನ್ನು ಮುಚ್ಚಿಡದೆ ಬರೆಯಿರಿ.

## ಇನ್ನಷ್ಟು ಆಳಕ್ಕೆ

ನನ್ನ ಆರ್‌ಎನ್‌ಎ ಮಾಹಿತಿಯಲ್ಲಿ ಮೈಟೊಕಾಂಡ್ರಿಯದ ಪಾಲು ಶೇ. 30 ಬಂದಿದೆ. ಮಾದರಿ ಕೆಟ್ಟಿದೆ ಎಂದು ಎಸೆಯಬೇಕೇ?

ಎಸೆಯಬೇಡಿ. ರಕ್ತಕೋಶಗಳಿಗಾಗಿ ಬರೆದ ಸೂತ್ರಗಳಲ್ಲಿ ಶೇ. 5 ಅಥವಾ 10 ದಾಟಿದರೆ ಸತ್ತ ಕೋಶ ಎಂದು ತಳ್ಳಿಹಾಕುತ್ತಾರೆ. ಹೃದಯದಲ್ಲಿ ಸಂದೇಶವಾಹಕ ಆರ್‌ಎನ್‌ಎಯ ಸುಮಾರು ಶೇ. 30 ಮೈಟೊಕಾಂಡ್ರಿಯದಿಂದಲೇ ಬರುವುದು ಸಹಜ. ಆ ಸೂತ್ರವನ್ನು ಕಣ್ಣುಮುಚ್ಚಿ ಹಾಕಿದರೆ ಅತ್ಯುತ್ತಮ ಸ್ನಾಯುಕೋಶಗಳೇ ಕಳೆದುಹೋಗುತ್ತವೆ. ಕೋಶಕೇಂದ್ರ ಮಾತ್ರ ಓದಿದ ಮಾಹಿತಿಯಲ್ಲಾದರೆ ಅಷ್ಟು ಬಂದದ್ದು ಕಲಬೆರಕೆಯ ಸೂಚನೆ. ಮೈಟೊಕಾಂಡ್ರಿಯದ ಡಿಎನ್‌ಎ 16,569 ಅಕ್ಷರ, 37 ವಂಶವಾಹಿ. ಅದರಿಂದಾಗುವ ಪ್ರೋಟೀನು 13 ಮಾತ್ರ. ಅಲ್ಲಿ ಬೇಕಾದ ಉಳಿದ ಸಾವಿರಕ್ಕೂ ಹೆಚ್ಚು ಪ್ರೋಟೀನುಗಳ ಸೂಚನೆ ಇರುವುದು ಕೋಶಕೇಂದ್ರದಲ್ಲಿ. ಎರಡನ್ನೂ ಒಟ್ಟಿಗೆ ನೋಡದೆ ಶಕ್ತಿಯ ಬಗ್ಗೆ ತೀರ್ಮಾನಕ್ಕೆ ಬರಬಾರದು.

ಕಾಂಡಕೋಶದಿಂದ ಬೆಳೆಸಿದ ಹೃದಯಕೋಶದಲ್ಲಿ ಚಯಾಪಚಯ ಅಧ್ಯಯನ ಮಾಡಬಹುದಲ್ಲ?

ಮಾಡಬಹುದು, ಎಚ್ಚರದಿಂದ. ಚರ್ಮ ಅಥವಾ ರಕ್ತದ ಕೋಶವನ್ನು ಹಿಂದಕ್ಕೆ ತಿರುಗಿಸಿ ಹೃದಯಕೋಶವಾಗಿಸುವ ದಾರಿ 2007ರಿಂದ ಮಾನವ ಕೋಶಗಳಿಗೂ ತೆರೆದಿದೆ. ರೋಗಿಯ ಅಕ್ಷರದೋಷವನ್ನು ಕ್ರಿಸ್ಪರ್ ತಂತ್ರದಿಂದ ಸರಿಪಡಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಬಹುದು. ಆದರೆ ತಟ್ಟೆಯಲ್ಲಿ ಬೆಳೆದ ಈ ಕೋಶಗಳು ಭ್ರೂಣದವುಗಳಂತೆ ಗ್ಲೂಕೋಸನ್ನೇ ನಂಬಿರುತ್ತವೆ. ಸಕ್ಕರೆ ತುಂಬಿದ ದ್ರಾವಣದಲ್ಲಿ ಬೆಳೆಸಿ ಕೊಬ್ಬು ಉರಿಸುವ ದೋಷ ಹುಡುಕಿದರೆ ಕಾಣುವುದಿಲ್ಲ. ಕೊಬ್ಬಿನಾಮ್ಲವಿರುವ ದ್ರಾವಣದಲ್ಲಿ ವಾರಗಟ್ಟಲೆ ಪಕ್ವಗೊಳಿಸಿದ ಮೇಲೆ ಪ್ರಯೋಗ ಮಾಡಿ.

ಶಂಕರಘಟ್ಟದಲ್ಲಿ ಎಂಎಸ್‌ಸಿ ಓದುತ್ತಿದ್ದೇನೆ. ದೊಡ್ಡ ಯಂತ್ರಗಳಿಲ್ಲದೆ ಈ ಕ್ಷೇತ್ರಕ್ಕೆ ಬರಲು ಸಾಧ್ಯವೇ?

ಸಾಧ್ಯ, ಈಗಂತೂ ಖಂಡಿತ. ಪ್ರಕಟವಾದ ಬಹುತೇಕ ಅಧ್ಯಯನಗಳ ಮಾಹಿತಿ ಜಿಇಒ ಎಂಬ ಸಾರ್ವಜನಿಕ ಭಂಡಾರದಲ್ಲಿ ಉಚಿತವಾಗಿ ಸಿಗುತ್ತದೆ. ಜಿಟೆಕ್ಸ್ ಭಂಡಾರದಲ್ಲಿ ಮಾನವ ದೇಹದ 54 ಬಗೆಯ ಅಂಗಾಂಶಗಳ ಆರ್‌ಎನ್‌ಎ ಇದೆ, ಎಡ ಹೃತ್ಕುಕ್ಷಿಯದ್ದೂ ಸೇರಿ; ಅವು ಸಾವಿನ ನಂತರ ತೆಗೆದ ಮಾದರಿಗಳು ಎಂಬುದನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು. ಮೊದಲು ಆರ್ ಅಥವಾ ಪೈಥಾನ್ ಭಾಷೆ ಮತ್ತು ಸಂಖ್ಯಾಶಾಸ್ತ್ರ ಕಲಿಯಿರಿ. 20,000 ವಂಶವಾಹಿಗಳನ್ನು ಶೇ. 5ರ ಮಿತಿಯಲ್ಲಿ ಪರೀಕ್ಷಿಸಿದರೆ, ನಿಜವಾದ ವ್ಯತ್ಯಾಸ ಒಂದೂ ಇಲ್ಲದಿದ್ದರೂ ಸುಮಾರು 1,000 ವಂಶವಾಹಿಗಳು ಬದಲಾದಂತೆ ಕಾಣುತ್ತವೆ. ಇದನ್ನು ತಿದ್ದುವ ವಿಧಾನ ಕೈವಶವಾಗದೆ ಮುಂದೆ ಹೋಗಬಾರದು. ರೋಗಿಗಳ ಮಾದರಿಯೆಲ್ಲ ಒಂದು ದಿನ, ಆರೋಗ್ಯವಂತರದ್ದೆಲ್ಲ ಇನ್ನೊಂದು ದಿನ ಓದಿದ ಮಾಹಿತಿ ಸಿಕ್ಕರೆ ಅದರಿಂದ ದೂರವಿರಿ. ಅಲ್ಲಿ ಕಾಣುವುದು ಕಾಯಿಲೆಯೋ ದಿನದ ವ್ಯತ್ಯಾಸವೋ ಎಂದು ಯಾವ ಗಣಿತವೂ ಬೇರ್ಪಡಿಸಿಕೊಡಲಾರದು.

ಜೊತೆಗೆ ಹಳೆಯ ಜೀವರಸಾಯನಶಾಸ್ತ್ರ ಪಠ್ಯವನ್ನು ಕೈಬಿಡಬೇಡಿ. ಕೊಬ್ಬಿನಾಮ್ಲ ಉರಿಯುವ ಹಾದಿಯನ್ನು ಪುಸ್ತಕ ನೋಡದೆ ಬರೆಯಲು ಬಂದ ದಿನ ಹೃದಯ ವೈಫಲ್ಯದ ಒಂದು ಸಾರ್ವಜನಿಕ ಮಾಹಿತಿ ತೆರೆಯಿರಿ, ಆ ಹಾದಿಯ ಪ್ರತಿ ಕಿಣ್ವದ ವಂಶವಾಹಿ ಏರಿದೆಯೋ ಇಳಿದಿದೆಯೋ ಎಂದು ಒಂದೊಂದಾಗಿ ಗುರುತು ಹಾಕಿ. ಎಲ್ಲಿ ನಿಮ್ಮ ನಿರೀಕ್ಷೆಗೂ ಮಾಹಿತಿಗೂ ತಾಳೆಯಾಗುವುದಿಲ್ಲವೋ ಅದನ್ನು ಒಂದು ಹಾಳೆಯಲ್ಲಿ ಬರೆದು ನಿಮ್ಮ ಅಧ್ಯಾಪಕರ ಬಳಿಗೆ ಒಯ್ಯಿರಿ.